ದ್ವೀಪದುರ್ಗದ ನೆನಪುಗಳು: ಶ್ರೀರಂಗಪಟ್ಟಣದ ಇತಿಹಾಸ ಮತ್ತು ಐತಿಹ್ಯಗಳ ಒಂದು ವಿಮರ್ಶೆ

ಕರ್ನಾಟಕದ ಕೋಟೆಗಳಲ್ಲಿ ಶ್ರೀರಂಗಪಟ್ಟಣದಷ್ಟು ದಾಖಲೆಗೊಳಗಾದದ್ದು ಇನ್ನೊಂದಿಲ್ಲ. ಅದರಷ್ಟು ಕಥೆಗಳಿಗೆ ಒಳಗಾದದ್ದೂ ವಿರಳ. ಕಾವೇರಿಯ ಎರಡು ಕವಲುಗಳ ನಡುವಿನ ಈ ದ್ವೀಪದ ಬಗ್ಗೆ ಆಸ್ಥಾನಕವಿಗಳು ಬರೆದಿದ್ದಾರೆ, ಪರ್ಷಿಯನ್ ಚರಿತ್ರಕಾರರು ಬರೆದಿದ್ದಾರೆ, ಮುತ್ತಿಗೆ ಹಾಕಿದ ಸೇನಾಧಿಕಾರಿಗಳು ದಿನಚರಿಗಳನ್ನೂ ನಕ್ಷೆಗಳನ್ನೂ ಬಿಟ್ಟುಹೋಗಿದ್ದಾರೆ. ಇವೆಲ್ಲವುಗಳ ಪಕ್ಕದಲ್ಲಿಯೇ ಅಲಮೇಲಮ್ಮನ ಶಾಪ, ತಿಮ್ಮಣ್ಣನ ನಿಧಿ, ಮೀರ್ ಸಾದಿಕನ ದ್ರೋಹ, ಸೆರೆಮನೆಯ ಸರಪಳಿಗಳು ಮೊದಲಾದ ಕಥನಗಳು ಇಂದಿಗೂ ಜೀವಂತವಾಗಿವೆ. ಈ ಐತಿಹ್ಯಗಳನ್ನು ಕುರಿತ ಬರವಣಿಗೆ ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಸಾಗಿದೆ. ಐತಿಹ್ಯವನ್ನು ಇತಿಹಾಸದ ಕಳೆಯೆಂದು ಕಿತ್ತೊಗೆಯುವುದು ಒಂದು ದಾರಿ. ಅದನ್ನು ಅಕ್ಷರಶಃ ನಂಬಿ ವಂಶವೃಕ್ಷದ ಮೇಲೂ ಮರಳುದಿಬ್ಬದ ಮೇಲೂ ಆರೋಪಿಸುವುದು ಇನ್ನೊಂದು. ಎರಡೂ ದಾರಿಗಳಲ್ಲಿ ಒಂದು ಮುಖ್ಯ ಪ್ರಶ್ನೆ ಬಿಟ್ಟುಹೋಗುತ್ತದೆ. ಈ ಕಥೆ ಯಾರ ಅಗತ್ಯಕ್ಕಾಗಿ, ಯಾವ ಕಾಲದಲ್ಲಿ, ಈ ರೂಪವನ್ನು ಪಡೆಯಿತು? ಪ್ರಸ್ತುತ ಪ್ರಬಂಧದ ಗಮನ ಈ ಪ್ರಶ್ನೆಯ ಮೇಲಿದೆ.

1. ನೀರಿನ ಕೋಟೆ

ದ್ವೀಪದ ಉದ್ದ ಸುಮಾರು 5 ಕಿಲೋಮೀಟರ್. ಕೋಟೆ ಇರುವುದು ಅದರ ಪಶ್ಚಿಮದ ತುದಿಯಲ್ಲಿ, ನದಿ ಇಬ್ಭಾಗವಾಗುವ ಸ್ಥಳಕ್ಕೆ ಸಮೀಪದಲ್ಲಿ. ಈ ಭೂಗೋಳವನ್ನು ಮೊದಲು ಅರ್ಥೈಸಿದ್ದು ಯುದ್ಧಶಾಸ್ತ್ರವಲ್ಲ, ಭಕ್ತಿ. ನದಿಯ ಕವಲುಗಳ ನಡುವೆ ಪವಡಿಸಿದ ರಂಗನಾಥನ ಕಲ್ಪನೆ ಕಾವೇರಿಯುದ್ದಕ್ಕೂ ಹರಡಿದೆ. ಶ್ರೀರಂಗಪಟ್ಟಣವು ಆದಿರಂಗ, ಶಿವನಸಮುದ್ರವು ಮಧ್ಯರಂಗ, ತಮಿಳುನಾಡಿನ ಶ್ರೀರಂಗವು ಅಂತ್ಯರಂಗ ಎಂಬುದು ಆ ಪರಂಪರೆಯ ಎಣಿಕೆ. ಸ್ಥಳಪುರಾಣವು ಈ ನೆಲವನ್ನು ಗೌತಮ ಋಷಿಯ ಕ್ಷೇತ್ರವೆಂದು ಕರೆಯುತ್ತದೆ. ದೇವಾಲಯದ ಮೂಲವನ್ನು ಗಂಗರ ಕಾಲದ ತಿರುಮಲಯ್ಯನಿಗೂ 894ರ ವರ್ಷಕ್ಕೂ ಜೋಡಿಸುವ ಹೇಳಿಕೆ ಗೆಜೆಟಿಯರ್‌ಗಳ ಮೂಲಕ ಪ್ರಚಾರಕ್ಕೆ ಬಂದಿದೆ. ಕೋಟೆ ಬಂದದ್ದು ಆ ಬಳಿಕ. ದೇವರು ಆರಿಸಿಕೊಂಡ ನೆಲವನ್ನು ದೊರೆ ಆಶ್ರಯಿಸಿದನೆಂಬ ಈ ಕ್ರಮ ಮುಂದಿನ ಎಲ್ಲ ಕಥನಗಳ ತಳಹದಿಯಾಗಿದೆ. ಪಟ್ಟಣವನ್ನು ಗೆದ್ದ ಪ್ರತಿಯೊಬ್ಬನೂ ರಂಗನಾಥನಿಗೆ ಉತ್ತರ ಹೇಳಬೇಕಾದವನಾಗುತ್ತಾನೆ.

ಕೋಟೆಯ ನಿರ್ಮಾಣವನ್ನು 1454ರಲ್ಲಿ ನಾಗಮಂಗಲದ ಹೆಬ್ಬಾರ ತಿಮ್ಮಣ್ಣನಿಗೆ ಸಲ್ಲಿಸುವುದು ವಾಡಿಕೆ. ವಿಜಯನಗರಕ್ಕೆ ಹೋಗಿ ದಂಡನಾಯಕ ಪದವಿಯನ್ನೂ ಕೋಟೆ ಕಟ್ಟುವ ಅನುಮತಿಯನ್ನೂ ಪಡೆದನೆಂದು, ಅವನಿಗೆ ನಿಧಿ ದೊರಕಿತೆಂದು, ಕಲಸವಾಡಿಯ 101 ಜಿನಾಲಯಗಳ ಕಲ್ಲುಗಳಿಂದ ರಂಗನಾಥನ ಗುಡಿಯನ್ನು ವಿಸ್ತರಿಸಿದನೆಂದು ಸಂಪ್ರದಾಯ ಹೇಳುತ್ತದೆ. ಈ ಕಥನದ ಎರಡು ಅಂಶಗಳು ಒಂದನ್ನೊಂದು ಎದುರಿಸುತ್ತವೆ. ನಿಧಿಯ ಕಥೆಯಲ್ಲಿ ಸಂಪತ್ತು ನೆಲದಿಂದ ತಾನಾಗಿ ಬರುತ್ತದೆ, ಯಾರಿಂದಲೂ ಕಿತ್ತುಕೊಂಡದ್ದಲ್ಲ. ಕಲ್ಲಿನ ಕಥೆಯಲ್ಲಿ ಅದೇ ಸಂಪತ್ತು ಇನ್ನೊಂದು ಧರ್ಮದ ಗುಡಿಗಳಿಂದ ಬರುತ್ತದೆ. ನೂರೊಂದು ಎಂಬ ಸಂಖ್ಯೆ ಎಣಿಕೆಯ ಸಂಖ್ಯೆಯಲ್ಲ, ಹೇಳಿಕೆಯ ಸಂಖ್ಯೆ. ಆದರೂ ಕೋಟೆಯ ಮೊದಲ ಕಥೆಯಲ್ಲಿಯೇ ಕೊಡುಗೆಯ ಜೊತೆಗೆ ನಷ್ಟದ ಲೆಕ್ಕವೂ ಇದೆ ಎಂಬುದು ಗಮನಾರ್ಹ. ಶ್ರೀರಂಗಪಟ್ಟಣದ ಐತಿಹ್ಯಗಳು ಒಟ್ಟಾರೆಯಾಗಿ ಮಾಡುವ ಕೆಲಸ ಇದೇ: ಗೆದ್ದವನ ದಾಖಲೆಯ ಹಿಂಬದಿಯಲ್ಲಿ ಕಳೆದುಕೊಂಡವರ ಲೆಕ್ಕವನ್ನು ಬರೆದಿಡುವುದು.

2. ಅಲಮೇಲಮ್ಮನ ಶಾಪ: ಎರಡು ಪಾಠಗಳು

1610ರಲ್ಲಿ ಮೈಸೂರಿನ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲರಾಯನಿಂದ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ಒಂದು ಪಾಳೆಯಪಟ್ಟು ರಾಜ್ಯವಾಗಿ ಬದಲಾದ ಗಳಿಗೆಯಿದು. ವಿಜಯನಗರದ ಮಾದರಿಯ ನವರಾತ್ರಿಯನ್ನು ರಾಜ ಒಡೆಯರು ಇದೇ ವರ್ಷ ಇಲ್ಲಿ ಆರಂಭಿಸಿದರು. ಆದರೆ ಪಟ್ಟಣ ಕೈಬದಲಾದ ಬಗೆ ಎಂತಹುದು ಎಂಬಲ್ಲಿ ಆಕರಗಳು ಒಂದಾಗುವುದಿಲ್ಲ. ತಿರುಮಲರಾಯ ಕಾಯಿಲೆಯಿಂದ ಬಳಲಿ ತಲಕಾಡಿನ ವೈದ್ಯೇಶ್ವರನ ಸನ್ನಿಧಿಗೆ ಹೊರಟಾಗ ಪಟ್ಟಣವನ್ನು ತಾನಾಗಿ ಒಪ್ಪಿಸಿದನೆಂದು ಒಂದು ಮಾತು. ಯುದ್ಧದಿಂದ ಗೆದ್ದದ್ದೆಂದು ಇನ್ನೊಂದು. 1810ರಲ್ಲಿ ತನ್ನ ಮೈಸೂರು ಇತಿಹಾಸದ ಮೊದಲ ಸಂಪುಟವನ್ನು ಪ್ರಕಟಿಸಿದ ಮಾರ್ಕ್ ವಿಲ್ಕ್ಸ್ ಹಸ್ತಪ್ರತಿಗಳ ಈ ಭಿನ್ನತೆಯನ್ನು ಆಗಲೇ ಗುರುತಿಸಿ, ಅದರ ಹಿಂದೆ ಸಮಕಾಲೀನರಿಗೂ ಬಿಡಿಸಲಾಗದ ಒಳಸಂಚುಗಳಿದ್ದಿರಬೇಕೆಂದು ಊಹಿಸಿದ. ಗೋವಿಂದ ವೈದ್ಯನ ‘ಕಂಠೀರವ ನರಸರಾಜ ವಿಜಯ’ (1648), ತಿರುಮಲಾರ್ಯನ ‘ಚಿಕದೇವರಾಜ ವಂಶಾವಳಿ’ ಮುಂತಾದ ಆಸ್ಥಾನಕೃತಿಗಳ ಒಲವು ಸಹಜವಾಗಿಯೇ ಒಡೆಯರ ಪರಾಕ್ರಮ ಮತ್ತು ಅರ್ಹತೆಯ ಕಡೆಗಿದೆ. ಒಪ್ಪಿಗೆಯೋ ಆಕ್ರಮಣವೋ ಎಂಬ ಈ ಬಿರುಕಿನಲ್ಲಿಯೇ ಶಾಪದ ಕಥೆ ಬೇರೂರಿದೆ.

ಶಾಪ ಮೂರು ಅಂಗಗಳದು: ತಲಕಾಡಿಗೆ ಮರಳು, ಮಾಲಂಗಿಗೆ ಮಡು, ಮೈಸೂರು ದೊರೆಗಳಿಗೆ ಸಂತಾನಹೀನತೆ. ಪ್ರಾಸಬದ್ಧವಾದ ಈ ಮಾತು ಇಡೀ ಹಳೆಯ ಮೈಸೂರಿನ ಬಾಯಿಪಾಠ. ಆದರೆ ಶಾಪಕ್ಕೆ ಕಾರಣವನ್ನು ಹೇಳುವಲ್ಲಿ ಎರಡು ಪಾಠಗಳು ಗಂಭೀರವಾಗಿ ಬೇರೆಯಾಗುತ್ತವೆ.

ಬಿ. ಎಲ್. ರೈಸ್ ಸಂಪಾದಿಸಿದ ಮೈಸೂರು ಗೆಜೆಟಿಯರ್‌ನ 1897ರ ಪರಿಷ್ಕೃತ ಆವೃತ್ತಿಯಲ್ಲಿ ದೊರೆಯುವ ಪಾಠದಲ್ಲಿ ಅಲಮೇಲಮ್ಮ ಪಟ್ಟಣದ ಆಡಳಿತ ಹೊತ್ತ ರಾಣಿ. ಪತಿ ಸಾವಿನಂಚಿನಲ್ಲಿರುವ ಸುದ್ದಿ ಕೇಳಿ, ಪಟ್ಟಣವನ್ನು ರಾಜ ಒಡೆಯರಿಗೆ ಒಪ್ಪಿಸಿ ತಲಕಾಡಿಗೆ ಹೊರಡುತ್ತಾಳೆ. ಅವಳ ಮೂಗುತಿಯ ಮೇಲೆ ಒಡೆಯರಿಗೆ ಆಸೆ. ಉಪಾಯದಿಂದ ದೊರೆಯದಾಗ ಸೈನ್ಯದೊಡನೆ ಬರುತ್ತಾರೆ. ಅವಳು ಆಭರಣವನ್ನು ಹೊಳೆಗೆಸೆದು, ಶಪಿಸಿ, ಮಾಲಂಗಿಯ ಎದುರು ನೀರಿಗೆ ಬೀಳುತ್ತಾಳೆ. ಇಲ್ಲಿ ತಪ್ಪು ನೇರ: ಆಳುವವನ ಲೋಭ.

ಅರಮನೆಯ ಪರಂಪರೆಗೆ ಹತ್ತಿರವಾದ ಪಾಠದಲ್ಲಿ ಆಭರಣಗಳಿಗೂ ರಂಗನಾಯಕಿ ಅಮ್ಮನವರಿಗೂ ನಂಟು ಏರ್ಪಡುತ್ತದೆ. ವಾರದ ನಿಗದಿಯಾದ ದಿನಗಳಲ್ಲಿ ದೇವಿಯನ್ನು ಅಲಂಕರಿಸುತ್ತಿದ್ದ ಒಡವೆಗಳು ರಾಣಿಯ ಬಳಿ ಉಳಿದಿವೆ. ದೇವಾಲಯದವರು ದೂರು ಕೊಡುತ್ತಾರೆ. ಒಡೆಯರು ಕೇಳುವುದು ತಮಗಾಗಿ ಅಲ್ಲ, ದೇವಿಗಾಗಿ. ಮುತ್ತಿನ ಮೂಗುತಿಯನ್ನು ಮಾತ್ರ ಕೊಟ್ಟು ಉಳಿದುದನ್ನು ಕೊಡದ ರಾಣಿಯನ್ನು ಆಳುಗಳು ಒತ್ತಾಯಿಸಿದಾಗ ಅನಾಹುತ ನಡೆಯುತ್ತದೆ. ದೊರೆ ಪಶ್ಚಾತ್ತಾಪಪಟ್ಟು ಅವಳ ಪ್ರತಿಮೆಯನ್ನು ಮಾಡಿಸಿ ಪೂಜೆಗೆ ಏರ್ಪಡಿಸುತ್ತಾರೆ. ನವರಾತ್ರಿಯ ಸಂದರ್ಭದಲ್ಲಿ ಅರಮನೆಯಲ್ಲಿ ಅಲಮೇಲಮ್ಮನಿಗೆ ಪೂಜೆ ಸಲ್ಲುತ್ತ ಬಂದಿರುವುದು ಪ್ರಸಿದ್ಧವಾಗಿದೆ.

ಎರಡು ಪಾಠಗಳನ್ನು ಅಕ್ಕಪಕ್ಕದಲ್ಲಿಟ್ಟಾಗ ಕಾಣುವುದು ಒಂದೇ ಕಥೆಯ ವಿವರಭೇದವಲ್ಲ, ಎರಡು ನ್ಯಾಯಾಲಯಗಳ ತೀರ್ಪು. ಮೊದಲನೆಯದು ದೊರೆಯನ್ನು ಆರೋಪಿಯನ್ನಾಗಿಸುತ್ತದೆ. ಎರಡನೆಯದು ಅಪರಾಧವನ್ನು ಆಳುಗಳ ಅತ್ಯುತ್ಸಾಹಕ್ಕೆ ಇಳಿಸಿ, ರಾಣಿಯ ನಿರಾಕರಣೆಯನ್ನು ದೇವರ ಸ್ವತ್ತಿನ ಪ್ರಶ್ನೆಯಾಗಿ ಮಾರ್ಪಡಿಸುತ್ತದೆ. ಆದರೂ ಈ ಎರಡನೆಯ ಪಾಠವನ್ನು ಕೇವಲ ಸಮರ್ಥನೆಯೆಂದು ತಳ್ಳಿಹಾಕುವುದು ಅವಸರದ ತೀರ್ಮಾನವಾದೀತು. ತನ್ನನ್ನು ಶಪಿಸಿದವಳನ್ನು ತನ್ನ ಮನೆಯೊಳಗೆ, ಅದೂ ತನ್ನ ಅಧಿಕಾರವನ್ನು ಮೆರೆಯುವ ಹಬ್ಬದಲ್ಲಿ, ಪೂಜಿಸಬೇಕಾದ ಪ್ರಭುತ್ವವು ತಪ್ಪನ್ನು ಅಲ್ಲಗಳೆದಂತಾಗುವುದಿಲ್ಲ. 1610ರ ವಿಜಯದ ನೆನಪೂ 1610ರ ಅನ್ಯಾಯದ ನೆನಪೂ ಒಂದೇ ನವರಾತ್ರಿಯಲ್ಲಿ ನೆಲೆಸಿರುವುದು ಆಕಸ್ಮಿಕವಾಗಿರಲಾರದು. ಆಸ್ಥಾನಕಾವ್ಯ ಮುಚ್ಚಿಟ್ಟದ್ದನ್ನು ಅರಮನೆಯ ಆಚರಣೆಯೇ ಕಾಪಾಡಿಕೊಂಡು ಬಂದಿದೆ.

3. ಶಾಪ ಮತ್ತು ವಂಶಾವಳಿ

ಶಾಪದ ಮೂರನೆಯ ಅಂಗ ನಿಜವಾಯಿತೆ ಎಂಬ ಪ್ರಶ್ನೆಯನ್ನು ಜನಪ್ರಿಯ ಬರಹಗಳು ಮತ್ತೆ ಮತ್ತೆ ಕೇಳುತ್ತವೆ. ವಂಶಾವಳಿಯನ್ನು ಪರಿಶೀಲಿಸಿದರೆ ಉತ್ತರ ಸರಳವಾಗಿಲ್ಲ. 1617ರಲ್ಲಿ ರಾಜ ಒಡೆಯರು ತೀರಿಕೊಂಡಾಗ ಪಟ್ಟಕ್ಕೆ ಬಂದವರು ಮೊಮ್ಮಗ ಆರನೆಯ ಚಾಮರಾಜ ಒಡೆಯರು. 1637ರಲ್ಲಿ ಪಟ್ಟವೇರಿದ ಇಮ್ಮಡಿ ರಾಜ ಒಡೆಯರು ಮರುವರ್ಷವೇ ತೀರಿಕೊಂಡರು. 1638ರಲ್ಲಿ ಅಧಿಕಾರ ಇನ್ನೊಂದು ಶಾಖೆಯ ಕಂಠೀರವ ನರಸರಾಜರಿಗೆ ಹೋಯಿತು. ಪಟ್ಟಣವನ್ನು ಗೆದ್ದ ದೊರೆಯ ನೇರ ಸಂತತಿ ಮೂವತ್ತು ವರ್ಷಗಳೊಳಗೆ ಸಿಂಹಾಸನದಿಂದ ಮರೆಯಾದ ಈ ಘಟನೆ ಕಥೆಗೆ ಬೀಜವಾಗಿರಬಹುದು.

ಆದರೆ ಅನಂತರದ ಕಾಲ ಶಾಪವನ್ನು ಸಮರ್ಥಿಸುವುದಿಲ್ಲ. 1704ರಲ್ಲಿ ಚಿಕ್ಕದೇವರಾಜರ ನಂತರ ಅವರ ಮಗ, 1714ರಲ್ಲಿ ಆ ಮಗನ ಮಗ ಪಟ್ಟವೇರಿದರು. ತಂದೆಯಿಂದ ಮಗನಿಗೆ ಎರಡು ಬಾರಿ ನಿರಂತರವಾಗಿ ಅಧಿಕಾರ ಸಾಗಿತು. 1766ರಲ್ಲಿ ಇಮ್ಮಡಿ ಕೃಷ್ಣರಾಜರ ನಂತರ ಅವರ ಇಬ್ಬರು ಮಕ್ಕಳು ಒಬ್ಬರ ಬಳಿಕ ಒಬ್ಬರು, ಹೆಸರಿಗೆ ಮಾತ್ರವಾದರೂ, ದೊರೆಗಳಾದರು. ಒಂದು ತಲೆಮಾರಿಗೆ ಮಕ್ಕಳು, ಮುಂದಿನ ತಲೆಮಾರಿಗೆ ಇಲ್ಲ ಎಂದು ಇಂದು ಎಲ್ಲರೂ ಹೇಳುವ ವಿನ್ಯಾಸ ಸ್ಪಷ್ಟವಾಗುವುದು 1799ರ ನಂತರ. ಮುಮ್ಮಡಿ ಕೃಷ್ಣರಾಜರು 1865ರಲ್ಲಿ ದತ್ತು ಸ್ವೀಕರಿಸಿದರು. ದತ್ತುಪುತ್ರ ಚಾಮರಾಜೇಂದ್ರರಿಗೆ ಮಕ್ಕಳಾದರು. ನಾಲ್ವಡಿ ಕೃಷ್ಣರಾಜರ ನಂತರ 1940ರಲ್ಲಿ ತಮ್ಮನ ಮಗ ಜಯಚಾಮರಾಜರು ಬಂದರು. ಅವರ ಮಗ ಶ್ರೀಕಂಠದತ್ತರು 2013ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡರು. 2015ರಲ್ಲಿ ಮತ್ತೆ ದತ್ತು ನಡೆಯಿತು.

ಇದರಿಂದ ಹೊರಡುವ ಅನುಮಾನ ಹೀಗಿದೆ. ಶಾಪದ ಕಥೆಯ ಮೂಲ ಹಳೆಯದಿರಬಹುದು. ಆದರೆ ಸಂತಾನದ ಅಂಗಕ್ಕೆ ಇಂದಿನ ತೂಕ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಆ ಕಾಲದಲ್ಲಿ ದತ್ತು ಎಂಬುದು ಕೇವಲ ಮನೆತನದ ವಿಷಯವಾಗಿರಲಿಲ್ಲ. 1831ರಿಂದ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿದ್ದ ಮೈಸೂರು ಸಂಸ್ಥಾನ ಉಳಿಯುವುದೋ ಅಳಿಯುವುದೋ ಎಂಬುದು ದತ್ತಕಕ್ಕೆ ದೊರೆಯುವ ಮಾನ್ಯತೆಯನ್ನೇ ಅವಲಂಬಿಸಿತ್ತು. ಉತ್ತರಾಧಿಕಾರಿ ಇಲ್ಲದಿರುವುದು ರಾಜ್ಯನಾಶದ ಇನ್ನೊಂದು ಹೆಸರಾಗಿದ್ದ ದಿನಗಳಲ್ಲಿ, ಸಂತಾನಹೀನತೆಯ ಹಳೆಯ ಮಾತಿಗೆ ಹೊಸ ಭಯ ಸೇರಿಕೊಂಡಿತು. ಶಾಪ ಭವಿಷ್ಯವನ್ನು ನುಡಿದದ್ದಕ್ಕಿಂತ ಹೆಚ್ಚಾಗಿ, ವರ್ತಮಾನದ ಆತಂಕ ಹಿಂದಿರುಗಿ ಶಾಪವನ್ನು ಹುಡುಕಿಕೊಂಡಿತು. 2017ರಲ್ಲಿ ರಾಜಮನೆತನದಲ್ಲಿ ಗಂಡುಮಗು ಜನಿಸಿದಾಗ ಶಾಪ ವಿಮೋಚನೆಯಾಯಿತೆಂದು ಪತ್ರಿಕೆಗಳಲ್ಲಿ ನಡೆದ ಚರ್ಚೆಯೂ ಇದನ್ನೇ ತೋರಿಸುತ್ತದೆ. ದತ್ತುಪುತ್ರನಿಗೆ ಮಕ್ಕಳಾಗುವುದು ಹಳೆಯ ವಿನ್ಯಾಸದಲ್ಲಿಯೂ ಇದ್ದ ಸಂಗತಿ. ಆದ್ದರಿಂದ ಕಥೆ ಮುಗಿಯಿತೆಂದು ಹೇಳಲೂ ಕಥೆಯೊಳಗಿನ ತರ್ಕ ಸಾಲದು. ಐತಿಹ್ಯ ತನ್ನನ್ನು ಸುಳ್ಳಾಗಿಸುವ ಪುರಾವೆಯನ್ನೂ ಒಳಗೆ ಸೇರಿಸಿಕೊಂಡು ಬೆಳೆಯುತ್ತದೆ.

ಮರಳಿನ ಅಂಗದಲ್ಲಿಯೂ ಇದೇ ಎಚ್ಚರ ಬೇಕು. ತಲಕಾಡಿನ ಮರಳಿಗೆ ನದಿಯ ತಿರುವು, ಬೇಸಗೆಯಲ್ಲಿ ತೆರೆದುಕೊಳ್ಳುವ ಮರಳಿನ ಪಾತ್ರ ಮತ್ತು ಗಾಳಿ ಕಾರಣವೆಂಬುದು ಸಾಮಾನ್ಯ ವಿವರಣೆ. ವಿಜ್ಞಾನಿಯೂ ಕಾದಂಬರಿಕಾರರೂ ಆದ ಕೆ. ಎನ್. ಗಣೇಶಯ್ಯ ಅವರು ಮೇಲ್ಭಾಗದ ಮಾಧವಮಂತ್ರಿ ಅಣೆಕಟ್ಟೆಯನ್ನೂ ಈ ಕಾರಣಗಳೊಡನೆ ಸೇರಿಸಿ, ಇದೊಂದು ಪರಿಸರ ದುರಂತವೆಂದು ವಾದಿಸಿದ್ದಾರೆ. ಈ ವಾದ ನಿಂತರೆ ವಿಜಯನಗರ ಕಾಲದ ಅಣೆಕಟ್ಟೆಯ ಪರಿಣಾಮ ಮೈಸೂರು ದೊರೆಯ ತಲೆಗೆ ಬಂದಂತಾಗುತ್ತದೆ. ನಿಧಾನವಾಗಿ ಆವರಿಸಿದ, ಯಾರೊಬ್ಬರನ್ನೂ ಹೊಣೆಯಾಗಿಸಲಾಗದ ನಷ್ಟಕ್ಕೆ ಜನಮನಸ್ಸು ಒಂದು ದಿನಾಂಕವನ್ನೂ ಒಬ್ಬ ಹೊಣೆಗಾರನನ್ನೂ ಒದಗಿಸಿತು. ಕಥೆಯ ಕಾರಣ ತಪ್ಪಿರಬಹುದು. ಊರು ಕಳೆದುಕೊಂಡವರ ದುಃಖ ತಪ್ಪಲ್ಲ.

4. 1799: ದ್ರೋಹದ ಕಥೆ, ಶೌರ್ಯದ ಕಥೆ

ದ್ವೀಪದ ರಕ್ಷಣೆಗೆ ನದಿ ಆಧಾರವಾಗಿದ್ದುದು ಮಳೆಗಾಲದಲ್ಲಿ ಮಾತ್ರ. ಬೇಸಗೆಯಲ್ಲಿ ಕಾವೇರಿ ಬಂಡೆಗಳ ನಡುವೆ ತೆಳುವಾಗಿ ಹರಿಯುತ್ತದೆ. 1792ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ದ್ವೀಪಕ್ಕೆ ನುಗ್ಗಿದುದೂ, 1799ರ ಮೇ 4ರ ಮಧ್ಯಾಹ್ನ ಹ್ಯಾರಿಸ್‌ನ ಸೈನ್ಯ ಹೊಳೆ ದಾಟಿ ಪಶ್ಚಿಮದ ಒಡಕಿನಿಂದ ಕೋಟೆ ಹೊಕ್ಕದ್ದೂ ನೀರು ಇಳಿದ ದಿನಗಳಲ್ಲಿಯೇ. ಮುಂಗಾರು ತುಂಬುವವರೆಗೆ ಕೋಟೆಯನ್ನು ಉಳಿಸಿಕೊಂಡರೆ ಸಾಕೆಂಬುದು ಒಳಗಿನವರ ಲೆಕ್ಕ. ಅದಕ್ಕೆ ಮುಂಚೆ ಮುಗಿಸಬೇಕೆಂಬುದು ಹೊರಗಿನವರ ಲೆಕ್ಕ. ಕೆಲವೇ ವಾರಗಳ ಈ ಅಂತರ ಒಂದು ರಾಜ್ಯದ ಭವಿಷ್ಯವನ್ನು ನಿರ್ಧರಿಸಿತು.

ಆದರೆ ಜನಸ್ಮೃತಿ ನದಿಯ ಮಟ್ಟವನ್ನು ನೆನಪಿಟ್ಟುಕೊಳ್ಳಲಿಲ್ಲ. ಮೀರ್ ಸಾದಿಕನನ್ನು ನೆನಪಿಟ್ಟುಕೊಂಡಿತು. ಸಂಬಳ ಹಂಚುವ ನೆಪದಲ್ಲಿ ಒಡಕಿನ ಬಳಿಯ ಸೈನಿಕರನ್ನು ಹಿಂದಕ್ಕೆ ಕರೆಸಿದನೆಂಬ ಆರೋಪ, ಅವನ ಗೋರಿಗೆ ಕಲ್ಲೆಸೆಯುವ ರೂಢಿಯ ಕಥೆ ಇಂದಿಗೂ ಕೇಳಿಬರುತ್ತವೆ. ಹೈದರ್ ಮತ್ತು ಟಿಪ್ಪುವಿನ ಚರಿತ್ರೆಯನ್ನು ಪರ್ಷಿಯನ್ನಿನಲ್ಲಿ ಬರೆದ ಹುಸೇನ್ ಅಲಿ ಖಾನ್ ಕಿರ್ಮಾನಿಯೂ ದ್ರೋಹದ ಹೊಣೆಯನ್ನು ಅವನ ಮೇಲೆ ಹೊರಿಸುತ್ತಾನೆ. ಇದಕ್ಕೆ ಪ್ರತಿಯಾಗಿ, 1800ರಲ್ಲಿ ಪ್ರಕಟವಾದ ಅಲೆಕ್ಸಾಂಡರ್ ಬೀಟ್ಸನ್‌ನ ಯುದ್ಧವೃತ್ತಾಂತದಂತಹ ಬರಹಗಳಲ್ಲಿ ಗೆಲುವು ಯೋಜನೆ, ಫಿರಂಗಿ ಮತ್ತು ಸೈನಿಕರ ಧೈರ್ಯದ ಫಲ. ದ್ರೋಹದ ಕಥೆ ಸೋತವರ ಶೌರ್ಯವನ್ನು ಉಳಿಸುತ್ತದೆ. ಶೌರ್ಯದ ಕಥೆ ಗೆದ್ದವರ ಹಕ್ಕನ್ನು ಸ್ಥಾಪಿಸುತ್ತದೆ. ಎರಡೂ ಕಥೆಗಳು ತಮ್ಮ ತಮ್ಮ ಕಡೆಯ ಗೌರವಕ್ಕೆ ನಿಷ್ಠವಾಗಿವೆ. ದ್ರೋಹದ ಆರೋಪಕ್ಕೆ ಆಧಾರವಿಲ್ಲವೆಂದು ಇದರಿಂದ ಸಿದ್ಧವಾಗುವುದಿಲ್ಲ. ಒಬ್ಬನ ದ್ರೋಹವಷ್ಟೇ ಸಾಕಾಗುವಂತಹ ಸೋಲು ಅದಾಗಿರಲಿಲ್ಲವೆಂಬುದು ಮಾತ್ರ ಸ್ಪಷ್ಟ: 1792ರ ಒಪ್ಪಂದದಲ್ಲಿ ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಕಳೆದುಕೊಂಡು, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ ಪ್ರಭುತ್ವ 1799ರ ವೇಳೆಗೆ ಆಗಲೇ ಬಳಲಿತ್ತು.

ಸೆರೆಮನೆಗಳ ಕಥನವೂ ಇದೇ ಬಗೆಯದು. ಕೋಟೆಯ ಉತ್ತರ ಭಾಗದ ಕಮಾನು ನೆಲಮಾಳಿಗೆಯನ್ನು ಕರ್ನಲ್ ಬೈಲಿಯ ಸೆರೆಮನೆಯೆಂದು ಕರೆಯುತ್ತಾರೆ. 1780ರ ಪೊಳ್ಳಿಲೂರು ಯುದ್ಧದಲ್ಲಿ ಸೆರೆಸಿಕ್ಕ ಬೈಲಿ 1782ರಲ್ಲಿ ಇಲ್ಲಿಯೇ ಬಂಧನದಲ್ಲಿ ತೀರಿಕೊಂಡದ್ದು ನಿಜ. ಅವನೊಡನೆ ಸೆರೆಸಿಕ್ಕು ಬದುಕುಳಿದ ಡೇವಿಡ್ ಬೇರ್ಡ್ 1799ರಲ್ಲಿ ಅದೇ ಕೋಟೆಯ ಮೇಲಿನ ದಾಳಿಯನ್ನು ಮುನ್ನಡೆಸಿದ್ದೂ ನಿಜ. ಆದರೆ ಕಟ್ಟಡದ ಈ ಹೆಸರು ವಿಜಯದ ನಂತರದ್ದು. ಸೆರೆಯ ನೆನಪು ಆಕ್ರಮಣಕ್ಕೆ ನೈತಿಕ ಕಾರಣವನ್ನು ಒದಗಿಸಿತು. ಹೆಸರು ಆ ಕಾರಣವನ್ನು ಕಲ್ಲಿನಲ್ಲಿ ನಿಲ್ಲಿಸಿತು. ಅದೇ ಪೊಳ್ಳಿಲೂರಿನ ಗೆಲುವನ್ನು ಟಿಪ್ಪು 1784ರ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಚಿತ್ರಿಸಿದ್ದಾನೆ. ಒಂದೇ ದ್ವೀಪದಲ್ಲಿ ಒಂದೇ ಯುದ್ಧ ಒಂದು ಕಡೆ ಬಣ್ಣದ ಉತ್ಸವವಾಗಿ, ಇನ್ನೊಂದು ಕಡೆ ಕತ್ತಲೆಯ ಕೋಣೆಯಾಗಿ ಉಳಿದಿದೆ. ಪ್ರವಾಸಿ ಎರಡನ್ನೂ ಒಂದೇ ಮಧ್ಯಾಹ್ನದಲ್ಲಿ ನೋಡಿ ಹೋಗುತ್ತಾನೆ; ಎರಡರ ಸಂಬಂಧವನ್ನು ಹೇಳುವವರು ವಿರಳ.

5. ದೂರದ ಸಾಹಿತ್ಯ, ಹತ್ತಿರದ ಸಾಹಿತ್ಯ

ಪತನದ ಬಳಿಕ ಶ್ರೀರಂಗಪಟ್ಟಣ ಇಂಗ್ಲೆಂಡಿನ ಕಲ್ಪನೆಯಲ್ಲಿ ಒಂದು ವಸ್ತುವಾಯಿತು. 1800ರಲ್ಲಿ ರಾಬರ್ಟ್ ಕೆರ್ ಪೋರ್ಟರ್ ಲಂಡನ್ನಿನಲ್ಲಿ ದಾಳಿಯ ಬೃಹತ್ ವರ್ತುಲಚಿತ್ರವನ್ನು ಪ್ರದರ್ಶಿಸಿದ. ಭಾರತಕ್ಕೆ ಎಂದೂ ಬಾರದ ವಾಲ್ಟರ್ ಸ್ಕಾಟ್ 1827ರ ‘ದಿ ಸರ್ಜನ್ಸ್ ಡಾಟರ್’ ಕಥೆಯನ್ನು ಹೈದರ್ ಕಾಲದ ಮೈಸೂರಿನವರೆಗೆ ತಂದ. ವಿಲ್ಕಿ ಕಾಲಿನ್ಸ್‌ನ ‘ದಿ ಮೂನ್‌ಸ್ಟೋನ್’ (1868) ಕಾದಂಬರಿ ಆರಂಭವಾಗುವುದೇ ಪಟ್ಟಣದ ಲೂಟಿಯಿಂದ. ಇವುಗಳಲ್ಲಿ ಕಾಲಿನ್ಸ್‌ನ ಕೃತಿ ವಿಮರ್ಶೆಯ ದೃಷ್ಟಿಯಿಂದ ವಿಶೇಷವಾದದ್ದು. ಅಲ್ಲಿ ಕದ್ದ ರತ್ನ ಕದ್ದವನ ಮನೆತನವನ್ನು ಕಾಡುತ್ತದೆ; ದೇವರ ಸ್ವತ್ತು ಕೊನೆಗೆ ದೇವರನ್ನು ಸೇರುತ್ತದೆ. ಆಭರಣ, ಆಳುವವರ ಲೋಭ, ವಂಶವನ್ನು ಬೆನ್ನಟ್ಟುವ ಶಾಪ: ಅಲಮೇಲಮ್ಮನ ಕಥೆಯ ವಿನ್ಯಾಸಕ್ಕೂ ಇದಕ್ಕೂ ಹೋಲಿಕೆ ಎದ್ದುಕಾಣುತ್ತದೆ. ಪ್ರಭಾವದ ಮಾತಿಗೆ ಇಲ್ಲಿ ಆಸ್ಪದವಿಲ್ಲ. ಬಲದಿಂದ ಪಡೆದ ಸಂಪತ್ತು ಪಡೆದವನಲ್ಲಿ ಹುಟ್ಟಿಸುವ ಅಳುಕು ಎರಡು ಸಮಾಜಗಳಲ್ಲಿಯೂ ಒಂದೇ ಆಕಾರವನ್ನು ತಾಳಿತೆಂದಷ್ಟೇ ಹೇಳಬಹುದು. ಟಿಪ್ಪುವಿನ ಗ್ರಂಥಭಂಡಾರ, ಹುಲಿಯ ಯಂತ್ರ, ಸಿಂಹಾಸನದ ಹುಮಾ ಪಕ್ಷಿ ಇವೆಲ್ಲ ಸಾಗರದಾಚೆಗೆ ಹೋದವೆಂಬುದನ್ನು ನೆನೆದರೆ ಆ ಅಳುಕಿಗೆ ಕಾರಣ ಸಾಕಷ್ಟಿತ್ತು.

ಕನ್ನಡದಲ್ಲಿ ಪತನದ ನೆನಪು ಹೆಚ್ಚಾಗಿ ಮೌಖಿಕ ಪರಂಪರೆಯಲ್ಲಿ, ಅದರಲ್ಲಿಯೂ ಲಾವಣಿಗಳಲ್ಲಿ ಉಳಿಯಿತು. ಆಧುನಿಕ ಕಾಲದಲ್ಲಿ ಗಿರೀಶ ಕಾರ್ನಾಡರು ಅರಮನೆಯಲ್ಲಿ ದೊರೆತ ಟಿಪ್ಪುವಿನ ಕನಸುಗಳ ದಾಖಲೆಯನ್ನು ಆಧರಿಸಿ ಬಿ.ಬಿ.ಸಿ. ರೇಡಿಯೋಗಾಗಿ ಬರೆದ ನಾಟಕ 1997ರಲ್ಲಿ ಪ್ರಸಾರವಾಯಿತು. ಗೆದ್ದವರ ಸ್ವಾಧೀನಕ್ಕೆ ಹೋದ ಖಾಸಗಿ ದಾಖಲೆಯನ್ನು ಸೋತವನ ಅಂತರಂಗದ ಕಡೆಗೆ ತಿರುಗಿಸಿದ್ದು ಆ ಕೃತಿಯ ಮಹತ್ವ. ಆದರೆ ದೊರೆಗಳನ್ನು ಬಿಟ್ಟು ದ್ವೀಪದ ಜನರನ್ನು ಕುರಿತ ಬರವಣಿಗೆ ಕನ್ನಡದಲ್ಲಿ ಇನ್ನೂ ತೆಳುವಾಗಿದೆ. ರಾಜಧಾನಿ ಮೈಸೂರಿಗೆ ಹೋದ ಮೇಲೆ, 1809ರ ಸುಮಾರಿಗೆ ಸೈನ್ಯನೆಲೆ ಬೆಂಗಳೂರಿಗೆ ಸಾಗಿದ ಮೇಲೆ, ಜ್ವರಪೀಡಿತವಾಗಿ ಬರಿದಾದ ಊರಿನಲ್ಲಿ ಉಳಿದವರ ಕಥೆಗೆ ಶಾಪವೂ ಇಲ್ಲ, ಲಾವಣಿಯೂ ಇಲ್ಲ.

6. ಉಳಿದ ಪ್ರಶ್ನೆ

ಕೋಟೆಯ ಗೋಡೆಗಳ ನಡುವೆ ಇಂದು ರೈಲುಮಾರ್ಗ ಹಾದುಹೋಗುತ್ತದೆ. 2014ರಲ್ಲಿ ದ್ವೀಪನಗರದ ಸ್ಮಾರಕಗಳು ಯುನೆಸ್ಕೋದ ತಾತ್ಕಾಲಿಕ ಪಟ್ಟಿಯನ್ನು ಸೇರಿದವು. 2017ರಲ್ಲಿ ಜೋಡಿಮಾರ್ಗದ ನಿರ್ಮಾಣಕ್ಕಾಗಿ ಟಿಪ್ಪು ಕಾಲದ ಮದ್ದಿನಮನೆಯೊಂದನ್ನು ಇಡಿಯಾಗಿ ಎತ್ತಿ ನೂರಕ್ಕೂ ಹೆಚ್ಚು ಮೀಟರ್ ದೂರಕ್ಕೆ ಸರಿಸಲಾಯಿತು. ಕಟ್ಟಡ ಉಳಿಯಿತು, ಅದು ನಿಂತಿದ್ದ ಜಾಗದ ಅರ್ಥ ಬದಲಾಯಿತು. ಐತಿಹ್ಯಗಳಿಗೂ ಇದೇ ಅಪಾಯವಿದೆ. ಪ್ರವಾಸಿ ಫಲಕಕ್ಕೆ ಹೊಂದುವಂತೆ ಅಲಮೇಲಮ್ಮನನ್ನು ಎರಡು ಸಾಲಿಗೆ ಇಳಿಸಿದಾಗ, ಇಂದಿನ ವಾಗ್ವಾದಗಳಿಗೆ ಬೇಕಾದಂತೆ ಟಿಪ್ಪುವನ್ನೋ ಒಡೆಯರನ್ನೋ ಕಟಕಟೆಗೆ ತಂದಾಗ, ಕಥೆ ಉಳಿದು ಅದರ ಸ್ಥಾನ ತಪ್ಪುತ್ತದೆ.

ಆದ್ದರಿಂದ ಸಂಶೋಧನೆಯ ಮುಂದಿರುವ ಕೆಲಸ ಶಾಪ ನಿಜವೇ ಸುಳ್ಳೇ ಎಂದು ತೀರ್ಮಾನಿಸುವುದಲ್ಲ. ಶಾಪದ ಪ್ರತಿಯೊಂದು ಪಾಠವನ್ನೂ ಅದು ದೊರೆತ ಊರು, ಹೇಳಿದ ಸಮುದಾಯ, ದಾಖಲಾದ ವರ್ಷಗಳೊಡನೆ ಸಂಗ್ರಹಿಸಬೇಕು. ತಲಕಾಡು, ಮಾಲಂಗಿ, ಶ್ರೀರಂಗಪಟ್ಟಣ, ಮೈಸೂರು ಈ ನಾಲ್ಕೂ ಕಡೆಯ ಹೇಳಿಕೆಗಳನ್ನು ಪ್ರತ್ಯೇಕ ಪಠ್ಯಗಳಾಗಿ ಸಂಪಾದಿಸಬೇಕು. ಸಿ. ಹಯವದನ ರಾವ್ ಅವರು 1940ರ ದಶಕದಲ್ಲಿ ಮೂರು ಸಂಪುಟಗಳ ಮೈಸೂರು ಇತಿಹಾಸದಲ್ಲಿ ಲಿಖಿತ ಆಕರಗಳಿಗೆ ತೋರಿದ ಶ್ರದ್ಧೆಯನ್ನು ಮೌಖಿಕ ಆಕರಗಳಿಗೂ ತೋರಿಸಬೇಕಾಗಿದೆ. ದಾಖಲೆಗಳು ಪಟ್ಟಣವನ್ನು ಯಾರು ಗೆದ್ದರೆಂದು ಹೇಳುತ್ತವೆ. ಗೆಲುವಿಗೆ ಯಾರು ಬೆಲೆ ತೆತ್ತರೆಂಬ ಲೆಕ್ಕವನ್ನು, ತಪ್ಪುತಪ್ಪಾಗಿಯಾದರೂ, ನಾಲ್ಕು ಶತಮಾನ ಕಾಪಾಡಿದವರು ಕಥೆ ಹೇಳಿದವರು.